ಕಮಲಾ ಹ್ಯಾರಿಸ್ ಕಪ್ಪು ಜನಾಂಗದವರು ಹೌದೋ ಅಲ್ಲವೋ: ಅಮೆರಿಕದಲ್ಲಿ ಇದನ್ನು ತೀರ್ಮಾನಿಸುವವರು ಯಾರು?

ಮೇಘನಾ ಕೆ.

2024ರ ಜುಲೈ 31ರಂದು ಷಿಕಾಗೋದಲ್ಲಿ ಕಪ್ಪು ಪತ್ರಕರ್ತರ ರಾಷ್ಟ್ರೀಯ ಸಂಘದ ಸಭೆಯಲ್ಲಿ ಟ್ರಂಪ್ ಆಡಿದ ಮಾತು ನೆನಪಿರಬಹುದು. ಕಮಲಾ ಹ್ಯಾರಿಸ್ ಮೊದಲೆಲ್ಲ ಭಾರತೀಯ ಮೂಲವನ್ನೇ ಹೇಳಿಕೊಳ್ಳುತ್ತಿದ್ದರು, ಈಗ ಇದ್ದಕ್ಕಿದ್ದಂತೆ ಕಪ್ಪು ಆಗಿದ್ದಾರೆ ಅನ್ನುವ ಅರ್ಥದ ಮಾತದು. ಅವರ ತಾಯಿ ಶ್ಯಾಮಲಾ ಗೋಪಾಲನ್ ಮದ್ರಾಸಿನವರು, ತಂದೆ ಡೊನಾಲ್ಡ್ ಹ್ಯಾರಿಸ್ ಜಮೈಕಾದವರು. ಅಲ್ಲಿನ ಚುನಾವಣಾ ರಾಜಕೀಯದಲ್ಲಿ ಜನಾಂಗವನ್ನು ಹೇಗೆ ಎಣಿಸುತ್ತಾರೆ ಅಂತ ಕನ್ನಡದಲ್ಲಿ ಒಂದು ಲೇಖನ ಬರೆಯುತ್ತಿದ್ದೇನೆ. ಓದಿದಷ್ಟೂ ಗೊಂದಲವೇ ಹೆಚ್ಚಾಗುತ್ತಿದೆ. ತಿಳಿದವರು ಬಿಡಿಸಿ ಹೇಳಿ.

ನಮ್ಮಲ್ಲಿ ತಹಶೀಲ್ದಾರ್ ಕಚೇರಿಯಿಂದ ಜಾತಿ ಪ್ರಮಾಣಪತ್ರ ಸಿಗುತ್ತದಲ್ಲ, ಹಾಗೆ ಅಲ್ಲಿ ಜನಾಂಗಕ್ಕೆ ಏನಾದರೂ ದಾಖಲೆ ಇದೆಯೇ? ಇಂತಿಷ್ಟು ಪಾಲು ರಕ್ತ ಇದ್ದರೆ ಕಪ್ಪು ಅನ್ನುವ ಕಾನೂನು ಈಗಲೂ ಇದೆಯೇ? ಭಾರತೀಯರನ್ನು ಒಂದು ಕಾಲದಲ್ಲಿ ಬಿಳಿಯರೆಂದು ಲೆಕ್ಕ ಹಾಕಿದ್ದರು ಅಂತ ಒಂದು ಕಡೆ ಇದೆ, ಬಿಳಿಯರಲ್ಲ ಅಂತ ಸುಪ್ರೀಂ ಕೋರ್ಟೇ ಹೇಳಿತ್ತು ಅಂತ ಇನ್ನೊಂದು ಕಡೆ ಇದೆ. ಯಾವುದು ಸರಿ? ಇನ್ನೊಂದು: 2020ರ ಜನಗಣತಿಯಲ್ಲಿ ಕಪ್ಪು ಜನ 4.11 ಕೋಟಿ ಅಂತ ಒಂದು ವರದಿ, 4.69 ಕೋಟಿ ಅಂತ ಮತ್ತೊಂದು. ಎರಡೂ ಸೆನ್ಸಸ್ ಬ್ಯೂರೋ ಅಂಕಿಯೇ ಅನ್ನುತ್ತಾರೆ. ಅದು ಹೇಗೆ?

ರಾಘವೇಂದ್ರ ಭಟ್

ಮೇಘನಾ ಅವರೇ, ಕಾನೂನಿನ ಭಾಗ ನಾನು ಹೇಳುತ್ತೇನೆ. ಅಂಕಿಅಂಶ ಬಲ್ಲವರು ಉಳಿದದ್ದನ್ನು ಹೇಳಲಿ.

ಇಂದು ಅಮೆರಿಕದಲ್ಲಿ ಒಬ್ಬ ವ್ಯಕ್ತಿ ಕಪ್ಪು, ಬಿಳಿ, ಏಷ್ಯನ್ ಅಂತ ಸಾರುವ ಪ್ರಮಾಣಪತ್ರ ಇಲ್ಲ. ಇಂಥವರು ಕಪ್ಪು ಜನಾಂಗ ಅಂತ ಪಾಲು ಲೆಕ್ಕದಲ್ಲಿ ಹೇಳುವ ಒಕ್ಕೂಟ ಕಾನೂನೂ ಇಲ್ಲ. ಇರುವುದು ಫಾರಂಗಳು. ಹಾಗಾಗಿ ಜನಾಂಗದ ಮಾತು ಎಲ್ಲೇ ಬರಲಿ, ಮೂರು ಸಂಗತಿ ವಿಚಾರಿಸಿ: ಇದು ಯಾವ ಫಾರಂ, ಅದನ್ನು ತುಂಬಿದ್ದು ಯಾರು, ಆ ಉತ್ತರವನ್ನು ಯಾವ ಕೆಲಸಕ್ಕೆ ಬಳಸಿದರು. ಇವು ಬದಲಾದರೆ ಅದೇ ಮನುಷ್ಯ ಬೇರೆ ಖಾನೆಗೆ ಹೋಗುತ್ತಾನೆ. ನಿಮ್ಮ ಗೊಂದಲದ ಮುಕ್ಕಾಲು ಪಾಲು ಇಲ್ಲಿಂದಲೇ ಬಂದದ್ದು.

ರಕ್ತದ ಪಾಲಿನ ಕಾನೂನುಗಳು ಇದ್ದವು, ಆದರೆ ರಾಜ್ಯಕ್ಕೊಂದು ರೀತಿ. 1896ರ ಪ್ಲೆಸ್ಸಿ ಪ್ರಕರಣ ತೆಗೆದುಕೊಳ್ಳಿ. ಹೋಮರ್ ಪ್ಲೆಸ್ಸಿಯ ಪೂರ್ವಜರಲ್ಲಿ ಎಂಟನೇ ಏಳು ಪಾಲು ಬಿಳಿಯರು, ಒಂದು ಪಾಲು ಆಫ್ರಿಕನ್ ಮೂಲ. ಆದರೂ ಲೂಸಿಯಾನಾದ ರೈಲಿನಲ್ಲಿ ಬಿಳಿಯರ ಡಬ್ಬಿಯಲ್ಲಿ ಕೂತದ್ದು ಅಪರಾಧವಾಯಿತು. ಸುಪ್ರೀಂ ಕೋರ್ಟು ಪ್ರತ್ಯೇಕ ಡಬ್ಬಿಯ ಕಾನೂನನ್ನು ಎತ್ತಿಹಿಡಿಯಿತು. ಎಷ್ಟು ಪಾಲಿದ್ದರೆ ಕಪ್ಪು ಅನ್ನುವ ಪ್ರಶ್ನೆಯನ್ನು ಮಾತ್ರ ಆಯಾ ರಾಜ್ಯದ ಕಾನೂನಿಗೇ ಬಿಟ್ಟಿತು. ಅಂದರೆ ರೈಲು ರಾಜ್ಯದ ಗಡಿ ದಾಟಿದರೆ ಪ್ರಯಾಣಿಕನ ಜನಾಂಗ ಬದಲಾಗುವ ಸಾಧ್ಯತೆ ಇತ್ತು.

ವರ್ಜೀನಿಯಾದ ಗೆರೆ ಒಂದೇ ರಾಜ್ಯದೊಳಗೆ ಸರಿದದ್ದು ನೋಡಿ. ಮೊದಲು ನಾಲ್ಕನೇ ಒಂದು ಪಾಲು, 1910ರಲ್ಲಿ ಹದಿನಾರನೇ ಒಂದು, 1924ರ ಜನಾಂಗ ಶುದ್ಧತೆಯ ಕಾಯ್ದೆಯಲ್ಲಿ ಬಿಳಿಯನಾಗಬೇಕಾದರೆ ಬೇರೆ ರಕ್ತದ ಸುಳಿವೂ ಇರಕೂಡದು. ಅದರಲ್ಲೂ ಒಂದು ವಿನಾಯಿತಿ ಇಟ್ಟರು: ಹದಿನಾರನೇ ಒಂದು ಪಾಲು ಅಥವಾ ಅದಕ್ಕಿಂತ ಕಡಿಮೆ ಮೂಲನಿವಾಸಿ ರಕ್ತ ಇದ್ದವರು ಬಿಳಿಯರಾಗಿಯೇ ಉಳಿಯಬಹುದು. ವರ್ಜೀನಿಯಾದ ಪ್ರತಿಷ್ಠಿತ ಮನೆತನಗಳು ತಾವು ಹದಿನೇಳನೇ ಶತಮಾನದ ಮೂಲನಿವಾಸಿ ನಾಯಕನ ಮಗಳು ಪೊಕಹೊಂಟಾಸ್‌ಳ ವಂಶದವರು ಅಂತ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದವು. ಅವರು ಹೊರಗುಳಿಯಬಾರದು ಅಂತಲೇ ಈ ವಿನಾಯಿತಿ. ಅದೇ ಹೊತ್ತಿಗೆ ರಾಜ್ಯದ ಜನನ-ಮರಣ ನೋಂದಣಿಯ ಮುಖ್ಯಸ್ಥ ವಾಲ್ಟರ್ ಪ್ಲೆಕರ್ ಸಾಮಾನ್ಯ ಮೂಲನಿವಾಸಿ ಕುಟುಂಬಗಳನ್ನು ದಾಖಲೆಯಲ್ಲಿ ಕಪ್ಪು ಅಂತ ಬರೆಸುತ್ತ ಹೋದ. ದಶಕಗಳ ನಂತರ ಆ ಬುಡಕಟ್ಟುಗಳು ಒಕ್ಕೂಟ ಸರ್ಕಾರದ ಮಾನ್ಯತೆ ಕೇಳಿದಾಗ ವಂಶಾವಳಿ ತೋರಿಸಲು ಕಷ್ಟವಾದದ್ದಕ್ಕೆ ಇದೂ ಒಂದು ಕಾರಣ. ಗುಮಾಸ್ತನ ಲೇಖನಿ ಮಾಡಿದ ಹಾನಿ ಎಷ್ಟು ದೂರ ಹೋಗುತ್ತದೆ ಅನ್ನುವುದನ್ನು ದಯವಿಟ್ಟು ನಿಮ್ಮ ಲೇಖನದಲ್ಲಿ ತನ್ನಿ.

ಬಿಳಿಯರು ಇತರರನ್ನು ಮದುವೆಯಾಗದಂತೆ ಆ ಕಾಯ್ದೆ ಹಾಕಿದ್ದ ನಿಷೇಧ ಬಿದ್ದದ್ದು 1967ರ ಜೂನ್ 12ರ ಲವಿಂಗ್ ತೀರ್ಪಿನಲ್ಲಿ. ಆದರೆ ಪಾಲಿನ ಲೆಕ್ಕ ಅಲ್ಲಿಗೆ ಮುಗಿಯಲಿಲ್ಲ. ಲೂಸಿಯಾನಾ 1970ರಲ್ಲಿ ಹೊಸದಾಗಿ ಮೂವತ್ತೆರಡನೇ ಒಂದು ಪಾಲು ಅನ್ನುವ ಗೆರೆ ಎಳೆಯಿತು. ತನ್ನನ್ನು ಬಿಳಿಯಳೆಂದೇ ತಿಳಿದು ಬದುಕಿದ್ದ ಒಬ್ಬ ಮಹಿಳೆ ದಾಖಲೆ ತಿದ್ದಿಸಲು ಕೋರ್ಟಿಗೆ ಹೋದ ಮೇಲೆ ದೇಶಾದ್ಯಂತ ಸುದ್ದಿಯಾಗಿ, 1983ರಲ್ಲಿ ಆ ಕಾನೂನು ರದ್ದಾಯಿತು. ದಾಖಲೆ ಮಾತ್ರ ತಿದ್ದಲಿಲ್ಲ.

ನಿಮ್ಮ ಕಮಲಾ ಹ್ಯಾರಿಸ್ ಉದಾಹರಣೆಗೆ ನೇರವಾಗಿ ತಾಗುವ ಒಂದು ನಿಯಮ ಇದೆ, ಹೆಚ್ಚಿನವರು ಗಮನಿಸಿಲ್ಲ. ರಾಷ್ಟ್ರೀಯ ಜನನ ಅಂಕಿಅಂಶದಲ್ಲಿ 1989ರ ತನಕ ಮಗುವಿನ ಜನಾಂಗವನ್ನು ಹೀಗೆ ನಿರ್ಧರಿಸುತ್ತಿದ್ದರು: ತಂದೆ ತಾಯಿಯಲ್ಲಿ ಒಬ್ಬರು ಬಿಳಿ, ಇನ್ನೊಬ್ಬರು ಅಲ್ಲ ಅಂದರೆ, ಬಿಳಿಯರಲ್ಲದವರ ಖಾನೆ ಮಗುವಿಗೆ. ಇಬ್ಬರೂ ಬಿಳಿಯರಲ್ಲದಿದ್ದರೆ, ಹವಾಯಿ ಮೂಲದವರ ವಿಷಯ ಬಿಟ್ಟು, ತಂದೆಯ ಖಾನೆ. ಹ್ಯಾರಿಸ್ ಹುಟ್ಟಿದ್ದು 1964ರಲ್ಲಿ. ಆಗ ಭಾರತೀಯ ತಾಯಿಯನ್ನು ಗುಮಾಸ್ತ ಬಿಳಿ ಅಂತ ಬರೆದಿರಲಿ, ಇತರೆ ಅಂತ ಬರೆದಿರಲಿ, ತಂದೆ ಕಪ್ಪು ಆಗಿದ್ದರೆ ಎರಡು ದಾರಿಯೂ ಒಂದೇ ಕಡೆ ಹೋಗುತ್ತದೆ, ಮಗು ಕಪ್ಪು ಖಾನೆಗೆ. 1989ರಿಂದ ತಾಯಿಯ ಜನಾಂಗದ ಪ್ರಕಾರ ಪಟ್ಟಿ ಮಾಡತೊಡಗಿದರು. ಅಂಥದೇ ದಂಪತಿಗೆ 1990ರಲ್ಲಿ ಮಗು ಹುಟ್ಟಿದ್ದರೆ ಅದು ತಾಯಿಯ ಖಾನೆಯಲ್ಲಿ ಎಣಿಕೆಯಾಗುತ್ತಿತ್ತು. ಆಕೆ ಇದ್ದಕ್ಕಿದ್ದಂತೆ ಕಪ್ಪು ಆದರು ಅನ್ನುವ ಮಾತಿಗೆ ಇದಕ್ಕಿಂತ ಗಟ್ಟಿ ಉತ್ತರ ನನಗೆ ಕಾಣುವುದಿಲ್ಲ. ಅವರು ತೊಟ್ಟಿಲಲ್ಲಿದ್ದಾಗ ಜಾರಿಯಲ್ಲಿದ್ದ ಲೆಕ್ಕವೇ ಅದು.

ಶಶಿಕಲಾ ರಾವ್

ಭಾರತೀಯರ ಪ್ರಶ್ನೆಗೆ ಉತ್ತರ: ಎರಡೂ ಸರಿ, ವರ್ಷ ಬೇರೆ ಬೇರೆ.

1790ರ ಪೌರತ್ವ ಕಾಯ್ದೆ "ಸ್ವತಂತ್ರ ಬಿಳಿಯ ವ್ಯಕ್ತಿ"ಗಳಿಗೆ ಮಾತ್ರ ಅರ್ಜಿ ಹಾಕಲು ಬಿಟ್ಟಿತ್ತು. ಅಂತರ್ಯುದ್ಧದ ನಂತರ 1870ರಲ್ಲಿ ಆಫ್ರಿಕನ್ ಮೂಲದವರನ್ನೂ ಸೇರಿಸಿದರು. ಏಷ್ಯಾದವರು ಎರಡೂ ಕಡೆ ಸಲ್ಲಲಿಲ್ಲ. ಹಾಗಾಗಿ ಸಿರಿಯಾ, ಅರ್ಮೇನಿಯಾ, ಜಪಾನ್, ಭಾರತದಿಂದ ಬಂದವರೆಲ್ಲ ಕೋರ್ಟಿನಲ್ಲಿ ನಿಂತು ತಾವು ಬಿಳಿಯರು ಅಂತ ವಾದಿಸಬೇಕಾಯಿತು. ಕಪ್ಪು ಅಂತ ವಾದಿಸುವ ದಾರಿಯೂ ಕಾಗದದ ಮೇಲೆ ತೆರೆದಿತ್ತು, ಆದರೆ ಆಗಿನ ದಕ್ಷಿಣ ರಾಜ್ಯಗಳ ಸ್ಥಿತಿ ಗೊತ್ತಿದ್ದ ಯಾರು ಆ ದಾರಿ ಹಿಡಿಯುತ್ತಾರೆ?

1922ರ ನವೆಂಬರ್‌ನಲ್ಲಿ ಜಪಾನ್ ಮೂಲದ ಟಕಾವೊ ಒಜಾವಾ ಪ್ರಕರಣ ತೀರ್ಮಾನವಾಯಿತು. ಅವರು ಇಪ್ಪತ್ತು ವರ್ಷ ಅಮೆರಿಕದ ನೆಲದಲ್ಲಿ ಬದುಕಿದ್ದವರು, ತಮ್ಮ ಮೈಬಣ್ಣ ಅನೇಕ ಯುರೋಪಿಯನ್ನರಿಗಿಂತ ಬಿಳಿ ಅಂತ ವಾದಿಸಿದರು. ಬಣ್ಣ ಮುಖ್ಯವಲ್ಲ, ಬಿಳಿ ಅಂದರೆ ಕಕೇಶಿಯನ್ ಜನಾಂಗ ಅಂತ ನ್ಯಾಯಮೂರ್ತಿ ಜಾರ್ಜ್ ಸದರ್ಲೆಂಡ್ ಬರೆದರು. ಮೂರು ತಿಂಗಳ ನಂತರ, 1923ರ ಫೆಬ್ರವರಿ 19ರಂದು, ಭಗತ್ ಸಿಂಗ್ ಥಿಂಡ್ ಪ್ರಕರಣ. ಥಿಂಡ್ ಪಂಜಾಬಿನ ಸಿಖ್, ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೇನೆಯಲ್ಲಿದ್ದವರು. ಆಗಿನ ಮಾನವಶಾಸ್ತ್ರದ ಪುಸ್ತಕಗಳೇ ಉತ್ತರ ಭಾರತೀಯರನ್ನು ಕಕೇಶಿಯನ್ ಅನ್ನುತ್ತವೆ ಅಂತ ಅವರು ಒಜಾವಾ ತೀರ್ಪನ್ನೇ ಎತ್ತಿ ತೋರಿಸಿದರು. ತಾವು ಮೇಲ್ಜಾತಿಯ ಆರ್ಯರು, ಕೆಳಗಿನವರೊಡನೆ ಬೆರೆತಿಲ್ಲ ಅನ್ನುವ ವಾದವನ್ನೂ ಮುಂದಿಟ್ಟರು. ಓದುವಾಗ ನೋವಾಗುತ್ತದೆ, ಆದರೆ ಮರೆಮಾಚಬೇಡಿ. ಅದೇ ಸದರ್ಲೆಂಡ್ ಈ ಸಲ ವಿಜ್ಞಾನದ ವಿಂಗಡಣೆ ಬೇಡ, ಬಿಳಿ ಯಾರು ಅನ್ನುವುದು ಸಾಮಾನ್ಯ ಮನುಷ್ಯನ ತಿಳಿವಳಿಕೆಗೆ ಬಿಟ್ಟದ್ದು ಅಂದರು. ಎರಡೂ ತೀರ್ಪು ಸರ್ವಾನುಮತ.

ಇದರ ಏಟು ಥಿಂಡ್ ಒಬ್ಬರಿಗಲ್ಲ. ಆಗಲೇ ಪೌರರಾಗಿದ್ದ ಹಲವು ಭಾರತೀಯರ ಪೌರತ್ವವನ್ನು ಸರ್ಕಾರ ಹುಡುಕಿ ರದ್ದು ಮಾಡಿಸಿತು. ಪೌರತ್ವ ಹೋದರೆ ಕ್ಯಾಲಿಫೋರ್ನಿಯಾದ ವಿದೇಶಿಯರ ಭೂಮಿ ಕಾಯ್ದೆ ಅನ್ವಯವಾಗಿ ಆಸ್ತಿಯೂ ಹೋಗುತ್ತಿತ್ತು. ವೈಷ್ಣೋ ದಾಸ್ ಬಗಾಯ್ ಅನ್ನುವ ಸ್ಯಾನ್ ಫ್ರಾನ್ಸಿಸ್ಕೋ ವ್ಯಾಪಾರಿ ಹೀಗೆ ಎಲ್ಲ ಕಳೆದುಕೊಂಡು 1928ರಲ್ಲಿ ಆತ್ಮಹತ್ಯೆ ಮಾಡಿಕೊಂಡರು. ಭಾರತೀಯರಿಗೆ ಪೌರತ್ವದ ಬಾಗಿಲು ತೆರೆದದ್ದು 1946ರ ಲೂಸ್-ಸೆಲ್ಲರ್ ಕಾಯ್ದೆಯಲ್ಲಿ, ಅದೂ ವರ್ಷಕ್ಕೆ 100 ವಲಸಿಗರ ಮಿತಿಯೊಂದಿಗೆ. ಪೌರತ್ವಕ್ಕೆ ಜನಾಂಗದ ಷರತ್ತು ಪೂರ್ತಿ ಹೋದದ್ದು 1952ರಲ್ಲಿ.

ಈಗ ಜನಗಣತಿ. ಅದು ಕೋರ್ಟಿನ ಜಾಡಿನಲ್ಲಿ ನಡೆಯಲಿಲ್ಲ. 1920, 1930, 1940ರ ಗಣತಿಗಳಲ್ಲಿ "ಹಿಂದೂ" ಅನ್ನುವುದೇ ಒಂದು ಜನಾಂಗದ ಖಾನೆ. ಆ ಕಾಲದ ಅಮೆರಿಕದ ಭಾರತೀಯರಲ್ಲಿ ಬಹುಪಾಲು ಸಿಖ್ಖರು, ಅವರೂ ಅಲ್ಲೇ, ಮುಸ್ಲಿಮರೂ ಅಲ್ಲೇ. 1970ರ ಗಣತಿಯಲ್ಲಿ ಭಾರತೀಯರನ್ನು ಬಿಳಿಯರ ಲೆಕ್ಕಕ್ಕೆ ಹಾಕಿದರು. ಆಗ ಅಮೆರಿಕದಲ್ಲಿದ್ದ ಭಾರತೀಯ ಸಂಘಗಳು ಇದಕ್ಕೆ ಖುಷಿಪಡಲಿಲ್ಲ. ಬಿಳಿಯರೊಳಗೆ ಕರಗಿದರೆ ಉದ್ಯೋಗದಲ್ಲಿ ತಾರತಮ್ಯವಾದರೂ ತೋರಿಸಲು ಅಂಕಿ ಇರುವುದಿಲ್ಲ, ಅಲ್ಪಸಂಖ್ಯಾತರ ಕಾರ್ಯಕ್ರಮಗಳಲ್ಲೂ ಹೆಸರಿರುವುದಿಲ್ಲ. 1970ರ ದಶಕದಲ್ಲಿ ಅಸೋಸಿಯೇಷನ್ ಆಫ್ ಇಂಡಿಯನ್ಸ್ ಇನ್ ಅಮೆರಿಕ ಒತ್ತಡ ತಂದು, 1980ರ ಫಾರಂನಲ್ಲಿ "ಏಷ್ಯನ್ ಇಂಡಿಯನ್" ಬಾಕ್ಸ್ ಬಂತು. ಸಣ್ಣ ಉದ್ದಿಮೆಗಳ ಒಕ್ಕೂಟ ಇಲಾಖೆ 1982ರಲ್ಲಿ ಭಾರತ ಉಪಖಂಡದವರನ್ನು ತನ್ನ ಅಲ್ಪಸಂಖ್ಯಾತರ ಪಟ್ಟಿಗೆ ಸೇರಿಸಿಕೊಂಡಿತು. ಅರವತ್ತು ವರ್ಷದ ಹಿಂದೆ ಬಿಳಿಯರಾಗಲು ಹೋರಾಡಿದ ಸಮುದಾಯ ಆಮೇಲೆ ಬಿಳಿಯರ ಖಾನೆಯಿಂದ ಹೊರಬರಲು ಹೋರಾಡಿತು. ನನ್ನ ಕಣ್ಣಿಗೆ ಇದರಲ್ಲಿ ವಿರೋಧಾಭಾಸ ಇಲ್ಲ. ಮೊದಲು ಹಕ್ಕು ಬಿಳಿ ಖಾನೆಯಲ್ಲಿತ್ತು, ಆಮೇಲೆ ರಕ್ಷಣೆ ಹೊರಗಿನ ಖಾನೆಯಲ್ಲಿತ್ತು.

2020ರಲ್ಲಿ ಏಷ್ಯನ್ ಇಂಡಿಯನ್ ಒಂದನ್ನೇ ಗುರುತು ಹಾಕಿದವರು ಸುಮಾರು 44 ಲಕ್ಷ, ಏಷ್ಯನ್ ಗುಂಪುಗಳಲ್ಲೇ ಅತಿ ದೊಡ್ಡದು.

ಮೇಘನಾ ಕೆ.

ಇಬ್ಬರಿಗೂ ಧನ್ಯವಾದ. 1989ರ ನಿಯಮ ನನಗೆ ಗೊತ್ತೇ ಇರಲಿಲ್ಲ. ಈಗ ಅಂಕಿಯ ಕಥೆ ಹೇಳಿ. ಮತಕ್ಷೇತ್ರ ವಿಂಗಡಿಸುವಾಗ 4.11 ಕೋಟಿಯ ಲೆಕ್ಕ ಹಿಡಿಯುತ್ತಾರೋ 4.69 ಕೋಟಿಯದೋ? ಹ್ಯಾರಿಸ್ ಥರ ಎರಡು ಬಾಕ್ಸ್ ಗುರುತು ಹಾಕುವವರು ಎಲ್ಲಿ ಸೇರುತ್ತಾರೆ?

ನಾಗರಾಜ ಎಚ್.ಎಸ್.

ಮೇಡಂ, ಮೊದಲು ಆ ಎರಡು ಅಂಕಿ. 2020ರಲ್ಲಿ ಕಪ್ಪು ಅನ್ನುವ ಒಂದೇ ಬಾಕ್ಸ್ ಗುರುತು ಹಾಕಿದವರು 4.11 ಕೋಟಿ. ಕಪ್ಪು ಜೊತೆಗೆ ಬೇರೆ ಬಾಕ್ಸನ್ನೂ ಗುರುತು ಹಾಕಿದವರು 58 ಲಕ್ಷ. ಕೂಡಿಸಿದರೆ 4.69 ಕೋಟಿ. ಒಂದಕ್ಕಿಂತ ಹೆಚ್ಚು ಬಾಕ್ಸ್ ಗುರುತು ಹಾಕಲು ಬಿಟ್ಟದ್ದೇ 2000ದ ಗಣತಿಯಿಂದ. ವರದಿಯಲ್ಲಿ ಅಂಕಿಯ ಪಕ್ಕ "ಆ ಜನಾಂಗ ಮಾತ್ರ" ಅಂತಿದೆಯೋ "ಮಾತ್ರ ಅಥವಾ ಬೇರೆಯದರ ಜೊತೆ" ಅಂತಿದೆಯೋ ನೋಡದೆ ಬಳಸಬೇಡಿ. ಮೂಲನಿವಾಸಿಗಳ ವಿಷಯದಲ್ಲಿ ಈ ವ್ಯತ್ಯಾಸ ಭಾರಿ: ಮಾತ್ರ ಅಂದರೆ 37 ಲಕ್ಷ, ಜೊತೆ ಸೇರಿಸಿದರೆ 97 ಲಕ್ಷ.

ಎರಡನೇ ಎಡವಟ್ಟು: "ಜೊತೆ" ಲೆಕ್ಕದ ಅಂಕಿಗಳನ್ನು ಒಂದಕ್ಕೊಂದು ಕೂಡಿಸಿದರೆ ದೇಶದ ಜನಸಂಖ್ಯೆಗಿಂತ ಹೆಚ್ಚಾಗುತ್ತದೆ. ಎರಡು ಬಾಕ್ಸ್ ಹಾಕಿದವರು ಎರಡು ಸಾಲಿನಲ್ಲೂ ಇರುತ್ತಾರೆ. ಮೂರನೆಯದು: ಹಿಸ್ಪಾನಿಕ್, ಅಂದರೆ ಸ್ಪ್ಯಾನಿಷ್ ಭಾಷೆಯ ನಾಡುಗಳ ಮೂಲ, ಅನ್ನುವುದು 2020ರ ಫಾರಂನಲ್ಲಿ ಜನಾಂಗವಲ್ಲ, ಬೇರೆಯೇ ಪ್ರಶ್ನೆ. 8ನೇ ಪ್ರಶ್ನೆ ಹಿಸ್ಪಾನಿಕ್ ಮೂಲದ್ದು, 9ನೆಯದು ಜನಾಂಗದ್ದು. ಹಿಸ್ಪಾನಿಕ್ ಆದವರು ಬಿಳಿ, ಕಪ್ಪು ಯಾವುದೂ ಆಗಿರಬಹುದು. ಬಿಳಿಯರು ಇಷ್ಟು ಅನ್ನುವ ವರದಿಯಲ್ಲಿ ಹಿಸ್ಪಾನಿಕ್ ಬಿಳಿಯರನ್ನು ತೆಗೆದಿದ್ದಾರೋ ಇಲ್ಲವೋ ಅನ್ನುವುದರ ಮೇಲೆ ಕೋಟಿಗಟ್ಟಲೆ ಹೆಚ್ಚುಕಮ್ಮಿ ಆಗುತ್ತದೆ.

ಕ್ಷೇತ್ರ ವಿಂಗಡಣೆಗೆ ಸೆನ್ಸಸ್ ಬ್ಯೂರೋ ಪ್ರತಿ ರಾಜ್ಯಕ್ಕೆ ಒಂದು ಪ್ರತ್ಯೇಕ ಕಡತ ಕೊಡುತ್ತದೆ, ಪಬ್ಲಿಕ್ ಲಾ 94-171 ಕಡತ ಅಂತ. ಅದರಲ್ಲಿ ಆರು ಜನಾಂಗದ ಖಾನೆಗಳು, ಅವುಗಳ ಎಲ್ಲ ಜೋಡಣೆಗಳು ಸೇರಿ 63 ಸಾಲು. ಹಿಸ್ಪಾನಿಕ್ ಹೌದು-ಅಲ್ಲ ಅಂತ ಒಡೆದರೆ 126. ಇದನ್ನು ಒಟ್ಟು ಜನಸಂಖ್ಯೆಗೊಮ್ಮೆ, 18 ದಾಟಿದವರಿಗೊಮ್ಮೆ ಕೊಟ್ಟಿರುತ್ತಾರೆ. ಲೆಕ್ಕ ಹಾಕುವ ಕ್ರಮ ಹೀಗೆ: 18 ದಾಟಿದವರ ಕೋಷ್ಟಕ ತೆಗೆಯಿರಿ. 63 ಸಾಲುಗಳಲ್ಲಿ ಕಪ್ಪು ಅನ್ನುವುದು ಎಲ್ಲೆಲ್ಲಿ ಇದೆಯೋ ಅಷ್ಟನ್ನೂ ಆರಿಸಿ. ಅಂಥವು 32 ಸಾಲು. ಕೂಡಿಸಿ, ಒಟ್ಟು 18 ದಾಟಿದವರಿಂದ ಭಾಗಿಸಿ. ಇದನ್ನು "ಯಾವುದೇ ಪಾಲು ಕಪ್ಪು" ಲೆಕ್ಕ ಅನ್ನುತ್ತಾರೆ. 2003ರ ಜಾರ್ಜಿಯಾ ವಿರುದ್ಧ ಆಶ್‌ಕ್ರಾಫ್ಟ್ ತೀರ್ಪಿನ ಅಡಿಟಿಪ್ಪಣಿಯಲ್ಲಿ ಸುಪ್ರೀಂ ಕೋರ್ಟು ಕಪ್ಪು ಮತದಾರರ ಹಕ್ಕಿನ ಪ್ರಕರಣಕ್ಕೆ ಈ ಲೆಕ್ಕವೇ ಸರಿ ಅಂದಿತು.

ಅದು ಯಾಕೆ ಮುಖ್ಯ ಅಂತ ಒಂದು ಕಾಲ್ಪನಿಕ ಕ್ಷೇತ್ರದಲ್ಲಿ ನೋಡೋಣ. 18 ದಾಟಿದವರು 5,60,000. ಕಪ್ಪು ಮಾತ್ರ 2,74,000, ಅಂದರೆ ಶೇ. 48.9. ಕಪ್ಪು ಮತ್ತು ಬಿಳಿ 7,000, ಕಪ್ಪು ಮತ್ತು ಇತರ ಜೋಡಣೆಗಳು 3,500. ಎಲ್ಲ ಸೇರಿ 2,84,500, ಶೇ. 50.8. ಜನಾಂಗದ ಆಧಾರದಲ್ಲಿ ಮತದ ಹಕ್ಕು ಕುಗ್ಗಿಸುವುದನ್ನು ತಡೆಯುವ ಮತದಾನ ಹಕ್ಕು ಕಾಯ್ದೆಯ ಸೆಕ್ಷನ್ 2ರ ಕೆಳಗೆ ಕೋರ್ಟಿಗೆ ಹೋಗುವವರಿಗೆ 1986ರ ಗಿಂಗಲ್ಸ್ ತೀರ್ಪು ಮೂರು ಷರತ್ತು ಹಾಕಿತ್ತು: ಅಲ್ಪಸಂಖ್ಯಾತ ಗುಂಪು ಒಂದು ಕ್ಷೇತ್ರದಲ್ಲಿ ಬಹುಮತವಾಗುವಷ್ಟು ದೊಡ್ಡದಾಗಿ, ಒತ್ತೊತ್ತಾಗಿ ನೆಲೆಸಿರಬೇಕು, ಒಗ್ಗಟ್ಟಾಗಿ ಮತ ಹಾಕುತ್ತಿರಬೇಕು, ಬಿಳಿಯ ಬಹುಸಂಖ್ಯಾತರು ಒಟ್ಟಾಗಿ ಮತ ಹಾಕಿ ಅವರ ಅಭ್ಯರ್ಥಿಯನ್ನು ಸಾಮಾನ್ಯವಾಗಿ ಸೋಲಿಸುತ್ತಿರಬೇಕು. ಬಹುಮತ ಅಂದರೆ ಅರ್ಧಕ್ಕಿಂತ ಹೆಚ್ಚೇ ಆಗಬೇಕು ಅಂತ 2009ರ ಬಾರ್ಟ್‌ಲೆಟ್ ತೀರ್ಪು. ಹಾಗಾಗಿ ಮೇಲಿನ ಕ್ಷೇತ್ರದಲ್ಲಿ ಒಂದು ಲೆಕ್ಕ ಹಿಡಿದರೆ ಮೊದಲ ಷರತ್ತಿನಲ್ಲೇ ಕೇಸು ಬಿದ್ದುಹೋಗುತ್ತದೆ, ಇನ್ನೊಂದು ಹಿಡಿದರೆ ಮುಂದಕ್ಕೆ ನಡೆಯುತ್ತದೆ. ವಕೀಲರು ವಾರಗಟ್ಟಲೆ ಜಗಳ ಆಡುವುದು ಆ 10,500 ಜನರ ಮೇಲೆ. ಅಲಬಾಮಾದಲ್ಲಿ ಕಪ್ಪು ಜನ ಶೇ. 27ರಷ್ಟಿದ್ದೂ ಏಳರಲ್ಲಿ ಒಂದೇ ಕ್ಷೇತ್ರ ಅವರ ಬಹುಮತದ್ದಾಗಿತ್ತು. 2023ರ ಜೂನ್‌ನಲ್ಲಿ ಸುಪ್ರೀಂ ಕೋರ್ಟು 5-4ರಲ್ಲಿ ಅದರ ವಿರುದ್ಧ ತೀರ್ಪು ಕೊಟ್ಟದ್ದು ಇದೇ ಚೌಕಟ್ಟಿನಲ್ಲಿ. ಸೆಕ್ಷನ್ 2ರ ವ್ಯಾಪ್ತಿ ಬಗ್ಗೆ ನ್ಯಾಯಾಲಯಗಳಲ್ಲಿ ತಿಕ್ಕಾಟ ನಿಂತಿಲ್ಲ, ಲೇಖನ ಕಳಿಸುವ ಮುಂಚೆ ಇತ್ತೀಚಿನ ತೀರ್ಪು ಏನಿದೆ ಅಂತ ಒಮ್ಮೆ ನೋಡಿಕೊಳ್ಳಿ.

ಇಲ್ಲಿ ಯೋಚಿಸಬೇಕಾದ್ದು ಒಂದಿದೆ. 1930ರ ಗಣತಿಯಲ್ಲಿ ಎಣಿಕೆದಾರರಿಗೆ ಕೊಟ್ಟ ಸೂಚನೆ: ಕಪ್ಪು ರಕ್ತ ಎಷ್ಟೇ ಕಡಿಮೆ ಇರಲಿ, ಕಪ್ಪು ಅಂತಲೇ ಬರೆಯಿರಿ. 2000ದಲ್ಲಿ ಒಕ್ಕೂಟ ಸರ್ಕಾರ ನಾಗರಿಕ ಹಕ್ಕುಗಳ ಜಾರಿಗಾಗಿ ಹೊರಡಿಸಿದ ಸೂಚನೆ: ಬಿಳಿ ಮತ್ತು ಒಂದು ಅಲ್ಪಸಂಖ್ಯಾತ ಜನಾಂಗ ಎರಡನ್ನೂ ಗುರುತು ಹಾಕಿದವರನ್ನು ಅಲ್ಪಸಂಖ್ಯಾತ ಖಾನೆಗೆ ಸೇರಿಸಿ. ಕೂಡಿಸುವ ರೀತಿ ಎರಡರಲ್ಲೂ ಬಹುಮಟ್ಟಿಗೆ ಒಂದೇ. ಆದರೆ ಆಗ ಎಣಿಕೆದಾರ ಮುಖ ನೋಡಿ ಬರೆಯುತ್ತಿದ್ದ, ಈಗ ಜನ ತಾವೇ ಬರೆಯುತ್ತಾರೆ. ಆಗ ಅದು ಹೊರಗಿಡಲು, ಈಗ ತಾರತಮ್ಯ ಹಿಡಿಯಲು. ಜನ ತಾವೇ ಫಾರಂ ತುಂಬುವ ಪದ್ಧತಿ ಶುರುವಾದದ್ದು 1960ರ ಗಣತಿಯಿಂದ.

ಇನ್ನೊಂದು ಬಲೆ ಇದೆ. 2010ರಲ್ಲಿ ಬಹುಜನಾಂಗೀಯರು 90 ಲಕ್ಷ, 2020ರಲ್ಲಿ 3.38 ಕೋಟಿ. ಹತ್ತು ವರ್ಷದಲ್ಲಿ ಅಮೆರಿಕ ಹೀಗೆ ಬದಲಾಯಿತು ಅಂತ ಪತ್ರಿಕೆಗಳು ಬರೆದವು. ಅಂತರಜನಾಂಗೀಯ ಮದುವೆಗಳಿಂದ ಹೆಚ್ಚಾದದ್ದು ಇದೆ, ನಿಜ, ಆದರೆ ದೊಡ್ಡ ಪಾಲು ಫಾರಂನಿಂದ ಬಂದದ್ದು. 2020ರಲ್ಲಿ ಬಿಳಿ, ಕಪ್ಪು ಬಾಕ್ಸ್‌ಗಳ ಕೆಳಗೂ ಮೂಲ ಬರೆಯಲು ಖಾಲಿ ಜಾಗ ಕೊಟ್ಟರು. ಬರೆದದ್ದರಲ್ಲಿ ಮೊದಲು 30 ಅಕ್ಷರ ಓದುತ್ತಿದ್ದ ವ್ಯವಸ್ಥೆ 200 ಅಕ್ಷರ ಓದತೊಡಗಿತು. ಬಿಳಿ ಬಾಕ್ಸ್ ಗುರುತು ಹಾಕಿ ಕೆಳಗೆ "ಮೆಕ್ಸಿಕನ್" ಅಂತ ಬರೆದವರಿಗೆ ಬಿಳಿ ಜೊತೆಗೆ "ಇತರ ಜನಾಂಗ" ಅನ್ನುವ ಸಂಕೇತವೂ ಸೇರಿ, ಅವರು ಬಹುಜನಾಂಗೀಯರಾದರು. ಬಿಳಿ ಮಾತ್ರ ಅನ್ನುವ ಅಂಕಿ 22.36 ಕೋಟಿಯಿಂದ 20.43 ಕೋಟಿಗೆ ಇಳಿದದ್ದರಲ್ಲೂ ಇದರ ಪಾಲಿದೆ. ಬಿಳಿಯರು ಕರಗುತ್ತಿದ್ದಾರೆ ಅಂತ ಭಯ ಹುಟ್ಟಿಸುವ ಭಾಷಣಗಳಿಗೆ ಇದೇ ಅಂಕಿ ಮೇವು. ಆದ್ದರಿಂದ 2010 ಮತ್ತು 2020ರ ಬಹುಜನಾಂಗೀಯ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಬೆಳವಣಿಗೆ ದರ ಕೊಡಬೇಡಿ. ಕೊಡಲೇಬೇಕಾದರೆ ಫಾರಂ ಬದಲಾದದ್ದನ್ನು ಅದೇ ವಾಕ್ಯದಲ್ಲಿ ಹೇಳಿ.

ಇನ್ನು ಬ್ಲಾಕ್, ಅಂದರೆ ಗಣತಿಯ ಅತಿ ಚಿಕ್ಕ ಪ್ರದೇಶ, ಆ ಮಟ್ಟದ ಅಂಕಿ. 2020ರಲ್ಲಿ ಖಾಸಗಿತನ ಕಾಪಾಡಲು ಸಣ್ಣ ಪ್ರದೇಶಗಳ ಅಂಕಿಗೆ ಬೇಕೆಂದೇ ಸ್ವಲ್ಪ ಏರುಪೇರು ಸೇರಿಸಿದ್ದಾರೆ. ಒಂದು ಬೀದಿಯಲ್ಲಿ ಕಪ್ಪು ಜನ ಎಷ್ಟು ಅಂತ ಆ ಕಡತದಿಂದ ಹೇಳಲು ಹೋಗಬೇಡಿ. ನೂರಾರು ಬ್ಲಾಕ್ ಕೂಡಿಸಿದ ಮೇಲೆ ಏರುಪೇರು ಬಹುಮಟ್ಟಿಗೆ ಸರಿದೂಗುತ್ತದೆ.

ಇಮ್ರಾನ್ ಪಾಷಾ

ನಾಗರಾಜ ಸರ್ ಹೇಳಿದ್ದಕ್ಕೆ ಒಂದು ಸೇರಿಸಬೇಕು. ಗಣತಿಯ ಅಂಕಿ ಜನ ತಾವೇ ಹೇಳಿದ್ದು, ಸರಿ. ಪಕ್ಷಗಳು ಬಳಸುವ ಮತದಾರರ ಪಟ್ಟಿಯಲ್ಲಿ ಹಾಗಿಲ್ಲ. ಜಾರ್ಜಿಯಾ, ಫ್ಲಾರಿಡಾ, ಉತ್ತರ ಕ್ಯಾರೊಲಿನಾ ಮುಂತಾದ ಕೆಲವು ರಾಜ್ಯಗಳಲ್ಲಿ ಮಾತ್ರ ನೋಂದಣಿ ಫಾರಂನಲ್ಲೇ ಜನಾಂಗ ಕೇಳುತ್ತಾರೆ. ಉಳಿದ ಕಡೆ ದತ್ತಾಂಶ ಕಂಪನಿಗಳು ಮತದಾರನ ಕುಲನಾಮ ಮತ್ತು ವಿಳಾಸ ನೋಡಿ ಊಹಿಸುತ್ತವೆ. ಸೆನ್ಸಸ್ ಬ್ಯೂರೋದ ಕುಲನಾಮಗಳ ಪಟ್ಟಿಯಿಂದ ಒಂದು ಸಂಭವನೀಯತೆ ತೆಗೆದು, ಆ ಬಡಾವಣೆಯ ಜನಾಂಗದ ಪ್ರಮಾಣದಿಂದ ಅದನ್ನು ತಿದ್ದುತ್ತಾರೆ.

ಹ್ಯಾರಿಸ್ ಅನ್ನುವ ಕುಲನಾಮವನ್ನೇ ಹಾಕಿ ನೋಡಿ. ಆ ಹೆಸರಿನವರಲ್ಲಿ ಸುಮಾರು ಅರ್ಧ ಬಿಳಿಯರು, ಶೇ. 40ರ ಆಸುಪಾಸು ಕಪ್ಪು ಜನ. ಬಡಾವಣೆ ಬಿಳಿಯರದಾದರೆ ಬಿಳಿ ಅಂತ, ಕಪ್ಪು ಜನರದಾದರೆ ಕಪ್ಪು ಅಂತ ಉತ್ತರ ಬರುತ್ತದೆ. ಅರ್ಧ ಭಾರತೀಯ ಅಂತ ಮಾತ್ರ ಬರಲು ದಾರಿಯೇ ಇಲ್ಲ. ತಾಯಿಯ ಮೂಲ ಕುಲನಾಮದಲ್ಲಿ ಕಾಣುವುದಿಲ್ಲ, ಮದುವೆಯ ನಂತರ ಹೆಸರು ಬದಲಿಸಿದವರಲ್ಲೂ ಇದೇ ಪಾಡು. ದೊಡ್ಡ ಗುಂಪಿನ ಸರಾಸರಿಗೆ ಈ ವಿಧಾನ ಚೆನ್ನಾಗಿ ಒದಗುತ್ತದೆ, ಒಬ್ಬೊಬ್ಬರ ಹಣೆಗೆ ಚೀಟಿ ಅಂಟಿಸಲು ಅಲ್ಲ.

ಮೂಲನಿವಾಸಿಗಳ ವಿಷಯ ಇಲ್ಲಿ ಅರ್ಧ ಬಿಟ್ಟುಹೋಗಿದೆ. ಮೇಘನಾ ಅವರು ಕೇಳಿದ ಪ್ರಮಾಣಪತ್ರ ಇರುವುದು ಅವರಿಗೆ ಮಾತ್ರ. ಮೂಲನಿವಾಸಿ ವ್ಯವಹಾರಗಳ ಒಕ್ಕೂಟ ಇಲಾಖೆ ರಕ್ತದ ಪಾಲು ನಮೂದಿಸಿದ ಪತ್ರ ಕೊಡುತ್ತದೆ. ಆದರೆ ಬುಡಕಟ್ಟಿನ ಸದಸ್ಯತ್ವ ಬೇರೆ, ಅದನ್ನು ಕೊಡುವುದು ಆಯಾ ಬುಡಕಟ್ಟಿನ ಸರ್ಕಾರ. ನವಾಹೊ ನೇಷನ್ ನಾಲ್ಕನೇ ಒಂದು ಪಾಲು ಕೇಳುತ್ತದೆ. ಚೆರೋಕೀ ನೇಷನ್ ಪಾಲು ಕೇಳುವುದಿಲ್ಲ, ಇಪ್ಪತ್ತನೇ ಶತಮಾನದ ಆರಂಭದಲ್ಲಿ ಒಕ್ಕೂಟ ಸರ್ಕಾರ ಮಾಡಿದ ಬುಡಕಟ್ಟು ಸದಸ್ಯರ ಡಾಸ್ ಪಟ್ಟಿಯಲ್ಲಿ ಪೂರ್ವಜರ ಹೆಸರಿದ್ದರೆ ಸಾಕು. ಆ ಬುಡಕಟ್ಟಿನವರು ಗುಲಾಮರಾಗಿ ಇಟ್ಟುಕೊಂಡಿದ್ದ ಕಪ್ಪು ಜನರ ವಂಶಸ್ಥರನ್ನು 2007ರ ಮತದಾನದಲ್ಲಿ ಹೊರಹಾಕಿದರು. 2017ರಲ್ಲಿ ಒಕ್ಕೂಟ ನ್ಯಾಯಾಲಯ ಅವರಿಗೂ ಪೌರತ್ವದ ಹಕ್ಕಿದೆ ಅಂದಿತು, 2021ರಲ್ಲಿ ಚೆರೋಕೀ ಸುಪ್ರೀಂ ಕೋರ್ಟು ತಮ್ಮ ಸಂವಿಧಾನದಿಂದ "ರಕ್ತದಿಂದ" ಅನ್ನುವ ಪದಗಳನ್ನೇ ತೆಗೆಸಿತು. ಬುಡಕಟ್ಟಿನ ಸದಸ್ಯತ್ವ ಜನಾಂಗದ ವಿಂಗಡಣೆಯಲ್ಲ, ರಾಜಕೀಯ ಸಂಬಂಧ ಅಂತ ಅಮೆರಿಕದ ಸುಪ್ರೀಂ ಕೋರ್ಟು 1974ರ ಮ್ಯಾಂಕಾರಿ ತೀರ್ಪಿನಲ್ಲೇ ಹೇಳಿತ್ತು. ತಮಗೆ ಮೂಲನಿವಾಸಿ ಪೂರ್ವಜರಿದ್ದಾರೆ ಅಂತ ಹೇಳಿಕೊಂಡಿದ್ದ ಸೆನೆಟರ್ ಎಲಿಜಬೆತ್ ವಾರನ್ 2018ರಲ್ಲಿ ಡಿಎನ್‌ಎ ಪರೀಕ್ಷೆ ಪ್ರಕಟಿಸಿದಾಗ ಚೆರೋಕೀ ನೇಷನ್ ಸಿಟ್ಟಾದದ್ದು ಇದಕ್ಕೇ. ಆರರಿಂದ ಹತ್ತು ತಲೆಮಾರಿನ ಹಿಂದೆ ಒಬ್ಬ ಪೂರ್ವಜ ಇದ್ದಿರಬಹುದು ಅಂತ ಪರೀಕ್ಷೆ ಹೇಳಿತು. ಅದು ಯಾವ ಬುಡಕಟ್ಟು ಅಂತಲೂ ಹೇಳಲಾರದು, ಪೌರತ್ವವನ್ನೂ ಕೊಡಲಾರದು. 2019ರಲ್ಲಿ ಅವರು ಕ್ಷಮೆ ಕೇಳಿದರು. ಡಿಎನ್‌ಎ ಬಗ್ಗೆ ಬರೆಯುವಾಗ ಈ ಪ್ರಕರಣ ಸಾಕು.

ರಾಜಕಾರಣಿಗಳು ಅನುಕೂಲಕ್ಕೆ ತಕ್ಕಂತೆ ಖಾನೆ ಬದಲಿಸುತ್ತಾರೆ ಅನ್ನುವ ಆರೋಪಕ್ಕೆ ಉದಾಹರಣೆ ಬೇಕಿದ್ದರೆ ಬ್ರೆಜಿಲ್ ನೋಡಿ. ಅಲ್ಲಿ 2014ರಿಂದ ಅಭ್ಯರ್ಥಿಗಳು ನಾಮಪತ್ರದ ಜೊತೆ ತಮ್ಮ ಬಣ್ಣ ಘೋಷಿಸುತ್ತಾರೆ: ಬಿಳಿ, ಕಪ್ಪು, ಪಾರ್ದು ಅಂದರೆ ಮಿಶ್ರ ಕಂದು, ಹಳದಿ, ಮೂಲನಿವಾಸಿ. ಕಪ್ಪು ಮತ್ತು ಪಾರ್ದು ಅಭ್ಯರ್ಥಿಗಳ ಪ್ರಚಾರಕ್ಕೆ ನಿಧಿಯಲ್ಲಿ ಪಾಲು ಇಡಬೇಕು ಅಂತ ನಿಯಮ ಬಂದ ಮೇಲೆ, ಹಿಂದಿನ ಚುನಾವಣೆಯಲ್ಲಿ ಬಿಳಿ ಅಂತ ಬರೆದವರಲ್ಲಿ ಹಲವರು ಪಾರ್ದು ಅಂತ ಬರೆಯತೊಡಗಿದರು. 2022ರಲ್ಲಿ ಬಹಿಯಾ ರಾಜ್ಯದ ಗವರ್ನರ್ ಚುನಾವಣೆಗೆ ನಿಂತ ಎ.ಸಿ.ಎಂ. ನೆಟೊ ಪಾರ್ದು ಅಂತ ಘೋಷಿಸಿದ್ದು ದೊಡ್ಡ ವಿವಾದವಾಯಿತು. ವಿಶ್ವವಿದ್ಯಾಲಯ, ಸರ್ಕಾರಿ ಕೆಲಸಗಳ ಮೀಸಲಾತಿಯಲ್ಲಿ ಇಂಥ ದುರುಪಯೋಗ ತಡೆಯಲು ಸಮಿತಿಗಳಿವೆ. ಅವು ನೋಡುವುದು ವಂಶಾವಳಿಯನ್ನಲ್ಲ, ಅಭ್ಯರ್ಥಿಯ ಮೈಬಣ್ಣ, ಕೂದಲು, ಮುಖಚಹರೆಯನ್ನು. ಅಜ್ಜಿ ಕಪ್ಪು ಅಂತ ದಾಖಲೆ ತಂದರೂ ನಡೆಯುವುದಿಲ್ಲ. ಬೀದಿಯಲ್ಲಿ ತಾರತಮ್ಯ ಮಾಡುವವನು ಚಹರೆ ನೋಡಿ ಮಾಡುತ್ತಾನೆ, ಆದ್ದರಿಂದ ಪರಿಹಾರವೂ ಚಹರೆ ನೋಡಿಯೇ ಅನ್ನುವುದು ಅವರ ತರ್ಕ. ತರ್ಕ ನನಗೆ ಒಪ್ಪಿಗೆ, ಆದರೆ ತೀರಾ ನಡುವಿನ ಬಣ್ಣದವರು ಒಂದು ಸಮಿತಿಯಲ್ಲಿ ಪಾಸಾಗಿ ಇನ್ನೊಂದರಲ್ಲಿ ತಿರಸ್ಕೃತರಾಗುವುದನ್ನು ತಡೆಯಲು ಇದುವರೆಗೆ ಒಳ್ಳೆಯ ದಾರಿ ಸಿಕ್ಕಿಲ್ಲ. ಮನುಷ್ಯರ ಮುಖ ನೋಡಿ ಖಾನೆಗೆ ಹಾಕುವ ಅಧಿಕಾರ ಯಾವ ಸಮಿತಿಗೇ ಕೊಟ್ಟರೂ ದಕ್ಷಿಣ ಆಫ್ರಿಕಾದ ವರ್ಗೀಕರಣ ಮಂಡಳಿ ನೆನಪಾಗದಿರದು. ಅಲ್ಲಿ 1950ರ ಕಾಯ್ದೆಯ ಪ್ರಕಾರ ನೋಡಲು ಬಿಳಿಯನಂತಿರಬೇಕು ಅಥವಾ ಜನ ಬಿಳಿಯನೆಂದು ಒಪ್ಪಿರಬೇಕು. ಕೂದಲಲ್ಲಿ ಪೆನ್ಸಿಲ್ ಸಿಕ್ಕಿಸಿ ಬೀಳುತ್ತದೋ ಇಲ್ಲವೋ ನೋಡಿದವರೂ ಇದ್ದರು. ಒಡಹುಟ್ಟಿದವರೇ ಬೇರೆ ಬೇರೆ ಜನಾಂಗವಾಗಿ ಮನೆಗಳು ಒಡೆದವು. ಆ ಕಾಯ್ದೆ 1991ರಲ್ಲಿ ರದ್ದಾಯಿತು.

ಮೇಘನಾ ಕೆ.

ಕೊನೆಯದಾಗಿ ಒಂದು. ಲೇಖನದಲ್ಲಿ ಹ್ಯಾರಿಸ್ ಬಗ್ಗೆ ಏನಂತ ಬರೆದರೆ ತಪ್ಪಾಗುವುದಿಲ್ಲ? "ಅರ್ಧ ಕಪ್ಪು, ಅರ್ಧ ಭಾರತೀಯ" ಸರಿಯೇ?

ರಾಘವೇಂದ್ರ ಭಟ್

ಅರ್ಧದ ಲೆಕ್ಕ ಬಿಡಿ, ಅದು ಹಳೆಯ ಪಾಲಿನ ಕಾನೂನುಗಳ ಭಾಷೆ. "ಜಮೈಕಾದ ತಂದೆ, ಭಾರತದ ತಾಯಿಯ ಮಗಳು, ತಮ್ಮನ್ನು ಕಪ್ಪು ಮಹಿಳೆ ಅಂತಲೂ ದಕ್ಷಿಣ ಏಷ್ಯಾ ಮೂಲದವರು ಅಂತಲೂ ಗುರುತಿಸಿಕೊಳ್ಳುತ್ತಾರೆ" ಅಂತ ಬರೆಯಿರಿ. ಅವರು ಓದಿದ ಹೊವರ್ಡ್ ವಿಶ್ವವಿದ್ಯಾಲಯ ಕಪ್ಪು ಜನರ ಶಿಕ್ಷಣಕ್ಕೆ ಹೆಸರಾದ ಸಂಸ್ಥೆ. 1980ರ ದಶಕದಲ್ಲಿ ಅಲ್ಲಿ ಸೇರಿದವರು 2024ರ ಚುನಾವಣೆಗಾಗಿ ಗುರುತು ಬದಲಿಸಿದರು ಅನ್ನುವುದು ನಿಲ್ಲುವುದಿಲ್ಲ. ಒಬಾಮಾ ಅವರನ್ನು ಹೋಲಿಕೆಗೆ ತರುತ್ತೀರಾದರೆ, ತಾಯಿ ಬಿಳಿಯರಾಗಿದ್ದೂ 2010ರ ಗಣತಿಯಲ್ಲಿ ಅವರು ಗುರುತು ಹಾಕಿದ್ದು ಕಪ್ಪು ಅನ್ನುವ ಒಂದೇ ಬಾಕ್ಸ್. ಎರಡು ಹಾಕುವ ಅವಕಾಶ ಇತ್ತು.

ಶಶಿಕಲಾ ರಾವ್

ಒಂದು ತಿದ್ದುಪಡಿಯನ್ನೂ ಗಮನದಲ್ಲಿಡಿ. 2024ರ ಮಾರ್ಚ್ 28ರಂದು ಒಕ್ಕೂಟ ಸರ್ಕಾರ ಈ ಖಾನೆಗಳ ಮಾನದಂಡವನ್ನೇ ಬದಲಿಸಿತು. ಹಿಸ್ಪಾನಿಕ್ ಪ್ರಶ್ನೆ ಮತ್ತು ಜನಾಂಗದ ಪ್ರಶ್ನೆ ಸೇರಿ ಒಂದಾಗುತ್ತವೆ, ಮಧ್ಯಪ್ರಾಚ್ಯ ಮತ್ತು ಉತ್ತರ ಆಫ್ರಿಕಾ ಮೂಲದವರಿಗೆ ಹೊಸ ಖಾನೆ ಬರುತ್ತದೆ. 1915ರಲ್ಲಿ ಸಿರಿಯಾದ ಜಾರ್ಜ್ ಡೌ ಕೋರ್ಟಿನಲ್ಲಿ ಹೋರಾಡಿ ಗೆದ್ದ ಬಿಳಿ ಖಾನೆಯಿಂದ ಅವರ ನಾಡಿನವರು ನೂರು ವರ್ಷದ ನಂತರ ತಾವಾಗಿಯೇ ಕೇಳಿ ಹೊರಬಂದರು. ಆ ಮಾನದಂಡದಲ್ಲೇ ಈ ಖಾನೆಗಳು ಸಾಮಾಜಿಕ, ರಾಜಕೀಯ ರಚನೆಗಳು, ಜೀವಶಾಸ್ತ್ರದ ವ್ಯಾಖ್ಯಾನವಲ್ಲ ಅಂತ ಸ್ಪಷ್ಟವಾಗಿ ಬರೆದಿದೆ. ಈ ರೂಪದ ಪ್ರಶ್ನೆ ಗಣತಿಯಲ್ಲಿ ಬಂದರೆ ನಾಗರಾಜ ಅವರು ಹೇಳಿದ 63 ಸಾಲುಗಳ ಲೆಕ್ಕವೂ ಬದಲಾಗುತ್ತದೆ. 2020ರ ಅಂಕಿ ಬಳಸುವ ಕಡೆಯೆಲ್ಲ "ಹಳೆಯ ಎರಡು ಪ್ರಶ್ನೆಗಳ ಫಾರಂ ಪ್ರಕಾರ" ಅಂತ ಒಂದು ಮಾತು ಸೇರಿಸಿಬಿಡಿ.